ತಾರಿಹಾಳದಿಂದ ಬೇಲೂರಿನವರೆಗೆ: ಬಾಕ್ಸ್ ಪ್ಲಾಂಟಿನ ಪ್ಲಾನರ್ ಆಗಿ ಗೆಲ್ಲಲು 12 ಸೂತ್ರಗಳು

ಡಿಗ್ರಿ ಕೈಗೆ ಬಂದ ವಾರವೇ ಬೆಂಗಳೂರು ಬಸ್ ಹಿಡಿಯುವ ಚಟ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಬಹಳ. ಸ್ವಲ್ಪ ತಡೀರಿ. ಹುಬ್ಬಳ್ಳಿ-ಧಾರವಾಡದ ತಾರಿಹಾಳ, ಗೋಕುಲ ರೋಡ್, ರಾಯಾಪುರ, ಬೇಲೂರು, ಯಾವ ಇಂಡಸ್ಟ್ರಿಯಲ್ ಏರಿಯಾದ ಗೇಟಿನಿಂದ ಹೊರಬರುವ ಲಾರಿಯನ್ನಾದರೂ ನೋಡಿ. ಒಳಗೆ ವಾಲ್ವ್ ಇರಲಿ, ಬಸ್ಸಿನ ಬಿಡಿಭಾಗ ಇರಲಿ, ಬ್ಯಾಡಗಿ ಖಾರದಪುಡಿ ಇರಲಿ, ಪೇಢೆ ಇರಲಿ, ಹೊರಗೆ ಮಾತ್ರ ರಟ್ಟಿನ ಬಾಕ್ಸ್.

ಆ ಬಾಕ್ಸ್ ಮಾಡುವ ಕೊರುಗೇಟೆಡ್ ಪ್ಲಾಂಟಿನಲ್ಲಿ ಒಂದು ಕುರ್ಚಿ ಇದೆ. ಪಿಪಿಸಿ (ಪ್ರೊಡಕ್ಷನ್ ಪ್ಲಾನಿಂಗ್ ಆ್ಯಂಡ್ ಕಂಟ್ರೋಲ್) ಅಂತಾರೆ, ಪ್ಲಾನರ್ ಅಂತಾರೆ. ಒಂದು ಕಿವಿಗೆ ಪಾರ್ಟಿಯ ಫೋನು, ಇನ್ನೊಂದು ಕಿವಿಗೆ ಮಷಿನ್ ಸದ್ದು. ಯಾವ ಆರ್ಡರ್ ಮೊದಲು, ಯಾವ ರೀಲ್ ಯಾವ ಮಷಿನ್‌ಗೆ, ಯಾವ ಲಾರಿ ಎಷ್ಟು ಹೊತ್ತಿಗೆ, ಎಲ್ಲ ಅಲ್ಲೇ ತೀರ್ಮಾನ. ಈಗ ಆ ಮೇಜಿನ ಮೇಲೆ ಶೆಡ್ಯೂಲಿಂಗ್ ಸಾಫ್ಟ್‌ವೇರ್ ಬಂದು ಕೂತಿದೆ. ಅದರ ಬಟನ್‌ಗಳನ್ನು ಯಾರಾದರೂ ಎರಡು ವಾರದಲ್ಲಿ ಕಲೀತಾರೆ. ಆದರೆ ಅದಕ್ಕೆ ಪ್ಲಾಂಟಿನ ಖರೇ ಅಂಕಿ ಉಣಿಸುವವರು ಹುಡುಕಿದರೂ ಸಿಗೋದಿಲ್ಲ. ಆ ಒಬ್ಬರು ನೀವಾಗಿ.

1. ಮೊದಲ ತಿಂಗಳು ಕಂಪ್ಯೂಟರ್ ಮುಂದೆ ಕೂರಬೇಡಿ

ಶಾಪ್‌ಫ್ಲೋರ್‌ಗೆ ಇಳೀರಿ. ರೀಲ್ ಸ್ಟ್ಯಾಂಡ್‌ನಿಂದ ಲೋಡಿಂಗ್ ಗೇಟ್‌ವರೆಗೆ ಒಂದೇ ಆರ್ಡರಿನ ಹಿಂದೆ ನಡೀರಿ. ಆಟೊಮ್ಯಾಟಿಕ್ ಪ್ಲಾಂಟ್ ಆದರೆ ಸಿಂಗಲ್ ಫೇಸರ್, ಬ್ರಿಡ್ಜ್, ಗ್ಲೂ ಯೂನಿಟ್, ಡಬಲ್ ಬ್ಯಾಕರ್, ಸ್ಲಿಟರ್, ಕಟ್‌ಆಫ್, ಸ್ಟ್ಯಾಕರ್. ಸೆಮಿ-ಆಟೊಮ್ಯಾಟಿಕ್ ಆದರೆ ಸಿಂಗಲ್ ಫೇಸರ್, ಶೀಟ್ ಕಟಿಂಗ್, ಪೇಸ್ಟಿಂಗ್, ಪ್ರೆಸ್, ಪ್ರಿಂಟಿಂಗ್, ಸ್ಲಾಟಿಂಗ್, ಸ್ಟಿಚಿಂಗ್. ಪ್ರತಿ ನಿಲ್ದಾಣದಲ್ಲಿ ಆ ಮಾಲು ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ಸುಮ್ಮನೆ ಬಿದ್ದಿತ್ತು, ಎರಡನ್ನೂ ಬರೆದುಕೊಳ್ಳಿ. ಬಿದ್ದಿದ್ದ ಹೊತ್ತೇ ಜಾಸ್ತಿ ಇರುತ್ತದೆ, ನೋಡಿ ಬೇಕಾದರೆ.

ಆಮೇಲೆ ಹಳೇ ಆಪರೇಟರ್ ಹತ್ತಿರ ಹೋಗಿ. ಚಹಾ ಕೊಡಿಸಿ. ಕೇಳಿ:

"ಕಾಕಾ, ಮಷಿನ್ ಮ್ಯಾಲೆ ನಿಮಿಷಕ್ಕ ನೂರಾ ಐವತ್ತ ಮೀಟರ್ ಅಂತ ಬರದಾರಲ್ರಿ, ಖರೇ ಎಷ್ಟ ಓಡತೈತ್ರಿ?"

"ಪೇಪರ್ ಛಲೋ ಬಂದ್ರ ನೂರಾ ಹತ್ತ. ಜಾಯಿಂಟ್ ಇದ್ದ ರೀಲ್ ಬಂದ್ರ ಎಂಬತ್ತ ಅಂತ ತಿಳಕೋ. ಮಳಿಗಾಲದಾಗ ಕೇಳಬ್ಯಾಡ."

ಈ ಮೂರು ಸಾಲಿನ ಉತ್ತರ ಮಷಿನ್ ಕಂಪನಿಯ ಕ್ಯಾಟಲಾಗಿನಲ್ಲಿ ಇಲ್ಲ, ಯಾವ ವೆಂಡರ್‌ನ ಡೆಮೊದಲ್ಲೂ ಇಲ್ಲ. ಸಾಫ್ಟ್‌ವೇರ್‌ಗೆ 150 ಅಂತ ಹಾಕಿದಿರೋ, ಅದು ಪ್ರತಿ ದಿನ ಸುಳ್ಳು ಶೆಡ್ಯೂಲ್ ಕೊಡುತ್ತದೆ. ಪ್ರತಿ ದಿನ ಸಂಜೆ ಬೈಸಿಕೊಳ್ಳೋರು ನೀವು.

2. ಬಾಕ್ಸಿನ ಲೆಕ್ಕ ಬಾಯಿಪಾಠ ಮಾಡಿ

ಪ್ಲೈ, ಫ್ಲೂಟ್, ಜಿಎಸ್‌ಎಂ, ಬಿಎಫ್. ಈ ನಾಲ್ಕು ಪದ ಬಾಯಿಗೆ ಬರುವಂತಿರಲಿ. ಪ್ಲೈ ಅಂದರೆ ಪದರ, ಫ್ಲೂಟ್ ಅಂದರೆ ನಡುವಿನ ಅಲೆ, ಜಿಎಸ್‌ಎಂ ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ, ಬಿಎಫ್ ಅಂದರೆ ಬರ್ಸ್ಟ್ ಫ್ಯಾಕ್ಟರ್. ಬಿ ಫ್ಲೂಟ್ ಎತ್ತರ ಸುಮಾರು 2.5 ಮಿ.ಮೀ., ಸಿ ಫ್ಲೂಟ್ ಸುಮಾರು 3.6 ಮಿ.ಮೀ. ಫ್ಲೂಟ್ ಅಲೆಅಲೆಯಾಗಿ ಇರುವುದರಿಂದ ಒಂದು ಮೀಟರ್ ಬೋರ್ಡಿಗೆ ಒಂದು ಮೀಟರ್ ಪೇಪರ್ ಸಾಲದು. ಬಿ ಫ್ಲೂಟ್‌ಗೆ ಸುಮಾರು 1.35 ಮೀಟರ್, ಸಿ ಫ್ಲೂಟ್‌ಗೆ ಸುಮಾರು 1.45 ಮೀಟರ್ ಬೇಕು. ಇದಕ್ಕೆ ಟೇಕ್-ಅಪ್ ಅಂತಾರೆ.

ಈಗ 5 ಪ್ಲೈ ಬೋರ್ಡ್ ತೊಗೊಳ್ಳಿ, ಎಲ್ಲ ಪದರವೂ 150 ಜಿಎಸ್‌ಎಂ. ಮೂರು ಚಪ್ಪಟೆ ಪದರಕ್ಕೆ, ಅಂದರೆ ಲೈನರ್‌ಗೆ, 450. ಎರಡು ಫ್ಲೂಟ್‌ಗೆ ಸರಾಸರಿ 1.4ರಂತೆ 420. ಒಟ್ಟು 870 ಗ್ರಾಂ, ಗಮ್ ಬಿಟ್ಟು. ಐದು ಪದರ ಅಂದರೆ ಐದು ಸಲ 150 ಅಂತ 750 ಬರೆದವರು ಪ್ರತಿ ಚದರ ಮೀಟರಿಗೆ 120 ಗ್ರಾಂ ಪೇಪರ್ ಮರೆತರು. ಅಂಥವರ ಪ್ಲಾಂಟಿನಲ್ಲೇ ತಿಂಗಳ ಕೊನೆಗೆ "ಪೇಪರ್ ಎಲ್ಲಿ ಹೋತು?" ಅಂತ ಸ್ಟೋರ್ಸ್‌ನವರ ಜೊತೆ ಜಗಳ ನಡೆಯೋದು.

ಬಲದ ಲೆಕ್ಕವೂ ಇಷ್ಟೇ ಸುಲಭ. ಬಿಎಫ್ ಗುಣಿಸು ಜಿಎಸ್‌ಎಂ, ಭಾಗಿಸು 1000: ಆ ಪೇಪರಿನ ಬರ್ಸ್ಟಿಂಗ್ ಸ್ಟ್ರೆಂತ್ ಚದರ ಸೆಂ.ಮೀ.ಗೆ ಇಷ್ಟು ಕೆ.ಜಿ. ಅಂತ ಸಿಗುತ್ತದೆ. 20 ಬಿಎಫ್, 150 ಜಿಎಸ್‌ಎಂ ಅಂದರೆ 3. ಸ್ಟಾಕಿನಲ್ಲಿ ಆ ರೀಲ್ ಇಲ್ಲ, 18 ಬಿಎಫ್, 180 ಜಿಎಸ್‌ಎಂ ಇದೆ ಅಂದರೆ 3.24. ಬಲ ಬರುತ್ತದೆ, ತೂಕವೂ ಏರುತ್ತದೆ, ಖರ್ಚೂ ಏರುತ್ತದೆ. ಕ್ವಾಲಿಟಿಯವರ ಸಹಿ ಇಲ್ಲದೆ ಬದಲಿ ಪೇಪರ್ ಹಾಕಬೇಡಿ. ಆದರೆ ಲೆಕ್ಕ ಮಾಡಿಕೊಂಡೇ ಸಹಿಗೆ ಹೋಗಿ. ಲೆಕ್ಕ ತಂದವರಿಗೆ ಸಹಿ ಬೇಗ ಸಿಗುತ್ತದೆ.

3. ಮಾಸ್ಟರ್ ಡೇಟಾ ಸ್ವಚ್ಛ ಮಾಡಿ

ಬೇಜಾರಿನ ಕೆಲಸ. ಅದಕ್ಕೇ ಯಾರೂ ಮಾಡೋದಿಲ್ಲ, ಅದಕ್ಕೇ ನೀವು ಮಾಡಿ. ಒಂದೇ ಬಾಕ್ಸ್ ಮೂರು ಹೆಸರಿನಲ್ಲಿ ಕೂತಿರುತ್ತದೆ: ಪಾರ್ಟಿ ಹೆಸರಿನಲ್ಲಿ ಒಮ್ಮೆ, ಸೈಜಿನಲ್ಲಿ ಒಮ್ಮೆ, "ಹಳೇ ಬಾಕ್ಸ್" ಅಂತ ಒಮ್ಮೆ. ಒಂದು ಕೋಡ್ ಕೊಡಿ. ಅದರ ಕೆಳಗೆ ಒಳ ಅಳತೆ, ಶೀಟ್ ಸೈಜ್, ಪೇಪರ್ ಕಾಂಬಿನೇಷನ್, ಸ್ಟೀರಿಯೊ (ಪ್ರಿಂಟಿಂಗ್ ಪ್ಲೇಟ್) ನಂಬರ್, ಡೈ ನಂಬರ್, ಬಂಡಲ್‌ಗೆ ಎಷ್ಟು ಎಂಬುದನ್ನೆಲ್ಲ ತುಂಬಿ. ಅಳತೆ ಇಂಚಿನಲ್ಲೋ ಮಿ.ಮೀ.ನಲ್ಲೋ ಅಂತ ಒಂದು ಸಲ ನಿರ್ಧರಿಸಿ, ಆಮೇಲೆ ಆ ಕಡೆ ತಿರುಗಿ ನೋಡಬೇಡಿ. ಕೋಟಿ ಕೊಟ್ಟು ತಂದ ಸಾಫ್ಟ್‌ವೇರ್ ಕೂಡ ಇದೇ ಪಟ್ಟಿಯ ಮೇಲೆ ನಿಂತಿರೋದು.

4. ಟ್ರಿಮ್ ಲೆಕ್ಕ ಮೊದಲು ಕೈಯಿಂದ ಮಾಡಿ

ಬಾಕ್ಸ್ ವ್ಯಾಪಾರದಲ್ಲಿ ದುಡ್ಡೆಲ್ಲ ಪೇಪರಿನಲ್ಲಿದೆ. ಪೇಪರಿನ ದುಡ್ಡು ಸೋರೋದು ಕತ್ತರಿಸಿ ಬಿಸಾಡುವ ಅಂಚಿನಲ್ಲಿ, ಅಂದರೆ ಟ್ರಿಮ್‌ನಲ್ಲಿ. ಗುಳೇದಗುಡ್ಡ ಖಣದಲ್ಲಿ ಕುಪ್ಪಸ ಕತ್ತರಿಸುವ ಅನುಭವಿ ದರ್ಜಿ ಮೊದಲು ಬಟ್ಟೆ ಹಾಸಿ, ಎಲ್ಲ ತುಂಡುಗಳನ್ನೂ ಅದರ ಮೇಲೆ ಇಟ್ಟು ನೋಡಿ, ಆಮೇಲೆ ಕತ್ತರಿ ಹಾಕುತ್ತಾನೆ. ಕೊರುಗೇಟರ್ ಮುಂದೆ ನೀವು ಮಾಡಬೇಕಾದದ್ದೂ ಅದೇ.

ಒಂದು ಉದಾಹರಣೆ ಬಿಡಿಸೋಣ, ಪೆನ್ನು ಹಿಡೀರಿ. ಬಾಕ್ಸ್ ಉದ್ದ 400, ಅಗಲ 300, ಎತ್ತರ 250 ಮಿ.ಮೀ. ಶೀಟಿನ ಉದ್ದ ಅಂದರೆ ಉದ್ದ-ಅಗಲ ಕೂಡಿಸಿ ಎರಡು ಪಟ್ಟು, ಮೇಲೆ ಫ್ಲ್ಯಾಪ್ ಮತ್ತು ಮಡಿಕೆಗೆ 50: ಒಟ್ಟು 1450. ಶೀಟಿನ ಅಗಲ ಅಂದರೆ ಬಾಕ್ಸಿನ ಅಗಲ ಮತ್ತು ಎತ್ತರ, ಮೇಲೆ 10: ಒಟ್ಟು 560. ನಿಮ್ಮ ಹತ್ತಿರ ಇರುವ ರೀಲ್ ಅಗಲ, ಅಂದರೆ ಡೆಕ್ಕಲ್, 1300. ಆರ್ಡರ್ 2000 ಶೀಟ್.

ಒಂಟಿಯಾಗಿ ಓಡಿಸಿದರೆ ಅಗಲದಲ್ಲಿ ಎರಡು ಶೀಟ್ ಕೂರುತ್ತವೆ, 1120. ಉಳಿದ 180 ಮಿ.ಮೀ. ಅಂಚು ನೇರ ವೇಸ್ಟ್. 1450 ಮೀಟರ್ ಓಟಕ್ಕೆ ಅದು 261 ಚದರ ಮೀಟರ್. ಮೇಲಿನ 870 ಗ್ರಾಂ ಬೋರ್ಡ್ ಆದರೆ 227 ಕೆ.ಜಿ.

ಈಗ ಆರ್ಡರ್ ಪಟ್ಟಿಯಲ್ಲಿ ಕೆಳಗೆ ಹೋಗಿ. ಅದೇ ಪೇಪರ್, ಅದೇ ಫ್ಲೂಟ್‌ನ ಇನ್ನೊಂದು ಆರ್ಡರ್ ಇದೆ: ಶೀಟ್ 1160 ಉದ್ದ, 700 ಅಗಲ, 2500 ಶೀಟ್. ಇದನ್ನು ಈ ರೀಲ್‌ನಲ್ಲಿ ಒಂಟಿಯಾಗಿ ಓಡಿಸಿದರೆ ಅರ್ಧದಷ್ಟು ಪೇಪರ್ ಅಂಚಿಗೇ ಹೋಗುತ್ತದೆ. ಎರಡನ್ನೂ ಪಕ್ಕಪಕ್ಕ ಇಡಿ. 560 ಕೂಡಿಸು 700, 1260. ಅಂಚು 40 ಮಿ.ಮೀ. ಮಾತ್ರ. ಮೊದಲನೆಯದಕ್ಕೆ 2000 ಸಲ 1.45 ಮೀಟರ್, 2900 ಮೀಟರ್. ಎರಡನೆಯದಕ್ಕೆ 2500 ಸಲ 1.16 ಮೀಟರ್, ಅದೂ 2900 ಮೀಟರ್. ಎರಡೂ ಒಟ್ಟಿಗೆ ಶುರು, ಒಟ್ಟಿಗೆ ಮುಕ್ತಾಯ. ಎರಡು ಆರ್ಡರಿಗೂ ಸೇರಿ ಅಂಚಿನ ವೇಸ್ಟ್ ಸುಮಾರು 101 ಕೆ.ಜಿ. ಒಂದೇ ಆರ್ಡರಿಗೆ 227 ಹೋಗುತ್ತಿತ್ತು, ನೆನಪಿರಲಿ.

ಉಳಿದ ಕೆ.ಜಿ.ಯನ್ನು ಇವತ್ತಿನ ಕ್ರಾಫ್ಟ್ ಪೇಪರ್ ರೇಟಿನಿಂದ ಗುಣಿಸಿ, ವೇಸ್ಟ್ ಮಾರಿದರೆ ಬರುವ ದುಡ್ಡು ಕಳೀರಿ. ಆ ಅಂಕಿ ಡೈರಿಯಲ್ಲಿ ಬರೆದಿಡಿ, 12ನೇ ಸೂತ್ರಕ್ಕೆ ಬೇಕು.

ನಿಜವಾದ ಪ್ಲಾಂಟಿನಲ್ಲಿ ಲೆಕ್ಕ ಹೀಗೆ ಅಚ್ಚುಕಟ್ಟಾಗಿ ಹೊಂದೋದು ಅಪರೂಪ. ಎರಡು ಬೇರೆ ಉದ್ದ ಒಟ್ಟಿಗೆ ಕತ್ತರಿಸಲು ಎರಡು ಲೆವೆಲ್‌ನ ಕಟ್‌ಆಫ್ ಬೇಕು. ಇಲ್ಲದಿದ್ದರೆ ಒಂದೇ ಉದ್ದದ ಆರ್ಡರ್‌ಗಳನ್ನೇ ಜೋಡಿಸಬೇಕು. ಮೂವತ್ತು ಆರ್ಡರ್, ಐದು ಡೆಕ್ಕಲ್ ಇದ್ದರೆ ಜೋಡಣೆಗಳು ನೂರಾರು. ಆಗಲೇ ಸಾಫ್ಟ್‌ವೇರ್ ಬೇಕಾಗೋದು. ರಷ್ಯಾದ ಗಣಿತಜ್ಞ ಲಿಯೊನಿಡ್ ಕಾಂಟೊರೊವಿಚ್ ಲೆನಿನ್‌ಗ್ರಾಡಿನ ಪ್ಲೈವುಡ್ ಟ್ರಸ್ಟ್ ಒಂದರ ಲೆಕ್ಕ ಬಿಡಿಸಲು ಹೋಗಿ, 1939ರಲ್ಲಿ ಇಂಥ ಲೆಕ್ಕಗಳಿಗೆ ದಾರಿ ತೋರಿಸಿದ. 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. 1961ರಲ್ಲಿ ಗಿಲ್ಮೋರ್ ಮತ್ತು ಗೊಮೊರಿ ಎಂಬ ಗಣಿತಜ್ಞರು ಈ ಕತ್ತರಿಸುವ ಲೆಕ್ಕವನ್ನು ಕಂಪ್ಯೂಟರ್ ಬಿಡಿಸಬಲ್ಲ ರೂಪಕ್ಕೆ ತಂದರು. ನೊಬೆಲ್ ತಂದುಕೊಟ್ಟ ಗಣಿತ ತಾರಿಹಾಳದ ಶೆಡ್ಡಿನಲ್ಲಿ ದಿನಕ್ಕೆ ಮೂರು ಪಾಳಿ ದುಡಿಯುತ್ತಿದೆ. "ಬಾಕ್ಸ್ ಫ್ಯಾಕ್ಟರಿಯಲ್ಲಿ ಏನೈತಿ ಕಲಿಯಾಕ" ಅಂದವರಿಗೆ ಇದನ್ನು ಹೇಳಿ.

5. ಸಾಲು ಬದಲಿಸಿ, ಮಷಿನ್ ಕೊಳ್ಳಬೇಡಿ

ಮೂರು ಜಾಬ್ ಇವೆ. ಮೊದಲು ಪ್ರಿಂಟಿಂಗ್, ಆಮೇಲೆ ಡೈ ಪಂಚಿಂಗ್. ಮಾವಿನ ಬಾಕ್ಸಿಗೆ ಪ್ರಿಂಟಿಂಗ್ 4 ಗಂಟೆ, ಪಂಚಿಂಗ್ 1. ಪೇಢೆ ಬಾಕ್ಸಿಗೆ ಪ್ರಿಂಟಿಂಗ್ 1, ಪಂಚಿಂಗ್ 3. ವಾಲ್ವ್ ಬಾಕ್ಸಿಗೆ ಪ್ರಿಂಟಿಂಗ್ 3, ಪಂಚಿಂಗ್ 4. ಇದೇ ಸಾಲಿನಲ್ಲಿ ಓಡಿಸಿ: ಎಲ್ಲ ಮುಗಿಯಲು 12 ಗಂಟೆ. ಪೇಢೆ, ವಾಲ್ವ್, ಮಾವು, ಈ ಸಾಲಿನಲ್ಲಿ ಓಡಿಸಿ: 9 ಗಂಟೆ. ಅದೇ ಮಷಿನ್, ಅದೇ ಆಳು, 3 ಗಂಟೆ ಉಳಿತಾಯ.

ಇದು 1954ರಲ್ಲಿ ಗಣಿತಜ್ಞ ಎಸ್. ಎಂ. ಜಾನ್ಸನ್ ಕೊಟ್ಟ ನಿಯಮ. ಎಲ್ಲ ಅಂಕಿಗಳಲ್ಲಿ ಅತಿ ಸಣ್ಣದನ್ನು ಹುಡುಕಿ. ಅದು ಮೊದಲ ಮಷಿನ್‌ನದಾದರೆ ಆ ಜಾಬ್ ಸಾಲಿನ ಮುಂದೆ. ಎರಡನೇ ಮಷಿನ್‌ನದಾದರೆ ಸಾಲಿನ ಹಿಂದೆ. ಅದನ್ನು ತೆಗೆದು, ಉಳಿದವಕ್ಕೆ ಹಾಗೇ ಮಾಡಿ. ಎರಡನೇ ಮಷಿನ್ ಖಾಲಿ ನಿಲ್ಲೋದು ಕಡಿಮೆ ಆಗುತ್ತದೆ, ಅಷ್ಟೇ ಗುಟ್ಟು. ಎರಡು ಮಷಿನ್‌ಗೆ ಈ ನಿಯಮ ಪಕ್ಕಾ. ಮೂರು, ನಾಲ್ಕು ಮಷಿನ್ ಆದರೆ ಲೆಕ್ಕ ಜಟಿಲ, ಸಾಫ್ಟ್‌ವೇರ್‌ಗೆ ಬಿಡಿ.

ಪ್ರಿಂಟಿಂಗ್‌ನಲ್ಲಿ ಬಣ್ಣದ ಸಾಲನ್ನೂ ನೋಡಿ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ: ಹಳದಿ, ಕೆಂಪು, ಕಪ್ಪು. ಕಪ್ಪಿನಿಂದ ಹಳದಿಗೆ ಹೋದರೆ ತೊಳೆಯೋದರಲ್ಲೇ ಹೊತ್ತು ಹೋಗುತ್ತದೆ. ಕೊರುಗೇಟರ್‌ನಲ್ಲಿ ಒಂದು ಪೇಪರ್ ಕಾಂಬಿನೇಷನ್ ಮುಗಿಸಿ ಇನ್ನೊಂದಕ್ಕೆ ಹೋಗಿ, ಅದರೊಳಗೆ ಅಗಲದ ಡೆಕ್ಕಲ್‌ನಿಂದ ಸಣ್ಣದಕ್ಕೆ ಇಳೀರಿ. ಸ್ಟೀರಿಯೊ ಕೈಗೆ ಬಂದಿಲ್ಲದ ಜಾಬ್‌ನ್ನು ಶೆಡ್ಯೂಲಿಗೆ ಹಾಕಲೇಬೇಡಿ. "ದಾರ್ಯಾಗ ಐತಿ" ಅನ್ನೋ ಸ್ಟೀರಿಯೊದಿಂದ ಪ್ರಿಂಟ್ ಬರೋದಿಲ್ಲ.

6. ಗುಡ್ಡೆ ಎಲ್ಲಿ ಬಿದ್ದಿದೆ ನೋಡಿ

ಇಡೀ ಪ್ಲಾಂಟನ್ನು ತಡೆದು ನಿಲ್ಲಿಸುವ ಬಾಟಲ್‌ನೆಕ್ ಹುಡುಕಲು ರಿಪೋರ್ಟ್ ಬೇಡ. ಯಾವ ಮಷಿನ್ ಮುಂದೆ ಶೀಟ್ ಗುಡ್ಡೆ ಬಿದ್ದಿದೆಯೋ ಅದೇ. ಬಹಳ ಸೆಮಿ-ಆಟೊಮ್ಯಾಟಿಕ್ ಪ್ಲಾಂಟ್‌ಗಳಲ್ಲಿ ಅದು ದೊಡ್ಡ ಮಷಿನ್ ಆಗಿರೋದೇ ಇಲ್ಲ. ಪೇಸ್ಟಿಂಗ್ ಟೇಬಲ್ಲೋ ಸ್ಟಿಚಿಂಗೋ ಆಗಿರುತ್ತದೆ. ಇಸ್ರೇಲಿನ ಭೌತವಿಜ್ಞಾನಿ ಗೋಲ್ಡ್‌ರಾಟ್ ಮೊದಲು ಶೆಡ್ಯೂಲಿಂಗ್ ಸಾಫ್ಟ್‌ವೇರ್ ಮಾರಿದ, ಆಮೇಲೆ 1984ರಲ್ಲಿ 'ದ ಗೋಲ್' ಕಾದಂಬರಿ ಬರೆದು ಇದನ್ನೇ ಜಗತ್ತಿಗೆ ತಿಳಿಸಿದ: ಬಾಟಲ್‌ನೆಕ್‌ನಲ್ಲಿ ಕಳೆದ ಒಂದು ಗಂಟೆ ಇಡೀ ಪ್ಲಾಂಟ್ ಕಳೆದ ಒಂದು ಗಂಟೆ. ಉಳಿದ ಕಡೆ ಉಳಿಸಿದ ಗಂಟೆಯಿಂದ ಒಂದು ಬಾಕ್ಸ್ ಕೂಡ ಹೆಚ್ಚಿಗೆ ಹೊರಬೀಳೋದಿಲ್ಲ.

ಆದ್ದರಿಂದ ಗುಡ್ಡೆ ಸ್ಟಿಚಿಂಗ್ ಮುಂದಿದ್ದರೆ ಅದು ಊಟದ ಹೊತ್ತಲ್ಲೂ ನಿಲ್ಲದಂತೆ ಪಾಳಿ ಹಾಕಿ. ಸ್ಟಿಚಿಂಗ್‌ನವರ ಊರಿನ ಜಾತ್ರೆ ಯಾವ ದಿನ ಅಂತ ನಿಮ್ಮ ಕ್ಯಾಲೆಂಡರಿನಲ್ಲಿ ಇರಲಿ. ನಗಬೇಡಿ. ಸಾಫ್ಟ್‌ವೇರಿನ ಶಿಫ್ಟ್ ಕ್ಯಾಲೆಂಡರ್‌ಗೆ ಆ ದಿನ ಹಾಕದೆ ಬಿಟ್ಟ ಪ್ಲಾನರ್ ಆ ದಿನ ಪಾರ್ಟಿಗೆ ಏನು ಹೇಳ್ತಾನೆ?

7. ರೀಲ್ ಎಲ್ಲಿಂದ ಬರುತ್ತದೆ ಅಂತ ನಕ್ಷೆ ನೋಡಿ

"ದಾಂಡೇಲಿಯಲ್ಲೇ ಪೇಪರ್ ಮಿಲ್ ಇದೆ, ನಮಗೇನು ಚಿಂತೆ" ಅನ್ನೋರು ಇದ್ದಾರೆ. 1955ರಲ್ಲಿ ಶುರುವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನ ಹೆಸರು ಇರೋದು ಮುಖ್ಯವಾಗಿ ಬರೆಯುವ, ಅಚ್ಚು ಹಾಕುವ ಪೇಪರಿಗೆ. ಬಾಕ್ಸಿನ ಕಂದು ಕ್ರಾಫ್ಟ್ ಬಹುಪಾಲು ರದ್ದಿಯಿಂದ ತಯಾರಾಗುತ್ತದೆ. ಅದರ ದೊಡ್ಡ ಮಿಲ್ಲುಗಳ ಗುಂಪು ಗುಜರಾತಿನ ವಾಪಿಯಂಥ ಕಡೆ ಇದೆ. ಲಾರಿ ಮುಂಬೈ, ಪುಣೆ, ಕೊಲ್ಲಾಪುರ ದಾಟಿ ಬರಬೇಕು. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ, ಪಂಚಗಂಗಾ ಉಕ್ಕಿ ಕೊಲ್ಲಾಪುರದ ಹತ್ತಿರ ಪುಣೆ-ಬೆಂಗಳೂರು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಸಾಫ್ಟ್‌ವೇರಿನ ಲೀಡ್ ಟೈಮ್ ಕಾಲಂನಲ್ಲಿ ವರ್ಷವಿಡೀ ಒಂದೇ ಅಂಕಿ ಇಟ್ಟವರಿಗೆ ಆ ವಾರ ಏನಾಗಿರಬೇಕು ಊಹಿಸಿ. ಮಳೆಗಾಲಕ್ಕೆ ಬೇರೆ ಲೀಡ್ ಟೈಮ್ ಹಾಕಿ. ಹೆಚ್ಚು ಓಡುವ ಎರಡು ಮೂರು ಡೆಕ್ಕಲ್‌ಗೆ ಮಾತ್ರ ಜೂನ್ ಒಳಗೆ ಸ್ಟಾಕ್ ಏರಿಸಿ. ಎಲ್ಲದಕ್ಕೂ ಏರಿಸಿದರೆ ಮಾಲಕರ ದುಡ್ಡು ಗೋಡೌನಿನಲ್ಲಿ ಮಲಗುತ್ತದೆ.

ಅರ್ಧ ಓಡಿದ ರೀಲ್‌ಗಳನ್ನು ಲೆಕ್ಕಕ್ಕೆ ತನ್ನಿ. ತೂಗಿ, ಮೇಲೆ ಚಾಕ್‌ಪೀಸಿನಲ್ಲಿ ಬರೀರಿ, ಸಿಸ್ಟಮ್‌ಗೂ ಹಾಕಿ. ಎಷ್ಟು ಮೀಟರ್ ಉಳಿದಿದೆ ಅಂತ ತಿಳಿಯಲು ಕೆ.ಜಿ.ಯನ್ನು 1000ದಿಂದ ಗುಣಿಸಿ, ಜಿಎಸ್‌ಎಂ ಮತ್ತು ಮೀಟರ್ ಲೆಕ್ಕದ ಅಗಲದಿಂದ ಭಾಗಿಸಿ. 300 ಕೆ.ಜಿ., 150 ಜಿಎಸ್‌ಎಂ, 1.3 ಮೀಟರ್ ಅಗಲ ಅಂದರೆ ಸುಮಾರು 1538 ಮೀಟರ್. ನಮ್ಮ 2900 ಮೀಟರ್ ಜಾಬ್‌ಗೆ ಅದೊಂದೇ ಸಾಲದು, ಮಧ್ಯದಲ್ಲಿ ಜಾಯಿಂಟ್ ಬೇಕು. ಇದು ಬೆಳಿಗ್ಗೆ ಆಫೀಸಿನಲ್ಲಿ ತಿಳಿದರೆ ಪ್ಲಾನಿಂಗ್. ಮಧ್ಯಾಹ್ನ ಮಷಿನ್ ಮುಂದೆ ತಿಳಿದರೆ ಓಡಾಟ.

8. ಹಂಗಾಮಿನ ಕ್ಯಾಲೆಂಡರ್ ನೀವೇ ಬರೀರಿ

ಧಾರವಾಡ ಆಪೂಸ್ ಏಪ್ರಿಲ್‌ನಿಂದ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಭರಾಟೆ ಜನವರಿಯ ಆಚೆ. ಪೇಢೆ, ಸಿಹಿ ತಿಂಡಿ ಗಣೇಶ ಚೌತಿಯಿಂದ ದೀಪಾವಳಿವರೆಗೆ. ವಾಲ್ವ್‌ನವರಿಗೆ ಮಾರ್ಚ್ ಕೊನೆಯಲ್ಲಿ ಎಲ್ಲ ಒಮ್ಮೆಲೇ ಬೇಕು. ಫೋರ್‌ಕಾಸ್ಟ್ ಮಾಡ್ಯೂಲ್ ಖರೀದಿಸುವ ಮೊದಲು ಈ ನಾಲ್ಕು ಸಾಲು ಗೋಡೆಗೆ ಅಂಟಿಸಿ. ಪಾರ್ಟಿಗೆ ನೀವೇ ಮೊದಲು ಫೋನ್ ಮಾಡಿ.

ಮಳೆಗಾಲವೂ ಒಂದು ಹಂಗಾಮೇ. ಹುಬ್ಬಳ್ಳಿಗಿಂತ ಧಾರವಾಡಕ್ಕೆ ಮಳೆ ಜಾಸ್ತಿ. ಕ್ರಾಫ್ಟ್ ತೇವ ಎಳೆದುಕೊಳ್ಳುತ್ತದೆ, ಗೋವಿನಜೋಳದ ಸ್ಟಾರ್ಚ್ ಗಮ್ ಒಣಗಲು ಹೆಚ್ಚು ಹೊತ್ತು ಬೇಕು, ಹಸಿ ಬೋರ್ಡ್ ಪ್ರಿಂಟಿಂಗ್‌ಗೆ ಹೋದರೆ ಫ್ಲೂಟ್ ಅಪ್ಪಚ್ಚಿ. ಒಣಗುವುದನ್ನು ಒಂದು ಆಪರೇಷನ್ ಅಂತಲೇ ರೂಟಿಂಗ್‌ಗೆ ಸೇರಿಸಿ, ಅದಕ್ಕೆ ಗಂಟೆ ಕೊಡಿ. ಕರೆಂಟ್ ಯಾವಾಗ ಹೋಗುತ್ತದೆ ಎಂಬ ಹೆಸ್ಕಾಂ ಮೆಂಟೆನನ್ಸ್ ಪ್ರಕಟಣೆ ದಿನಪತ್ರಿಕೆಯಲ್ಲಿ ಬರುತ್ತದೆ. ಕ್ರಿಕೆಟ್ ಪುಟಕ್ಕಿಂತ ಮೊದಲು ಅದನ್ನು ಓದಿ.

9. "ಅರ್ಜೆಂಟ್" ಅನ್ನೋದಕ್ಕೆ ಬೆಲೆ ಕಟ್ಟಿ

ಮುಂದಿನ 24 ಗಂಟೆಯ ಶೆಡ್ಯೂಲ್ ಫ್ರೀಜ್ ಮಾಡಿ. ಯಾರೂ ಮುಟ್ಟಬಾರದು ಅಂತ ಮಾಲಕರಿಂದಲೇ ಹೇಳಿಸಿ. ಆದರೂ ಮಾರ್ಕೆಟಿಂಗ್‌ನವರು ಬರುತ್ತಾರೆ:

"ಏನ್ರಿ, ಪಾರ್ಟಿ ಭಾಳ ಅರ್ಜೆಂಟ್ ಅನ್ನಾಕತ್ತಾರ. ಇವತ್ತ ಸಂಜಿಕ ಐದ ನೂರ ಬಾಕ್ಸ್ ಕೊಡ್ರಿ."

ಆಗಂಗಿಲ್ಲ ಅನ್ನಬೇಡಿ. ಹೌದ್ರಿ ಅಂತಲೂ ಅನ್ನಬೇಡಿ. ಸ್ಕ್ರೀನ್ ತಿರುಗಿಸಿ ತೋರಿಸಿ:

"ಕೊಡೂಣ್ರಿ ಸರ. ಈಗ ಓಡೂ ಜಾಬ್ ಇಳಿಸಿದ್ರ ಸೆಟ್ಟಿಂಗ್‌ಗೆ ನಲವತ್ತ ನಿಮಿಷ ಹೋಗತೈತಿ. ನಾಳೆ ಮುಂಜಾನಿ ಹೋಗೂ ಖಾರದಪುಡಿ ಬಾಕ್ಸ್ ಮಧ್ಯಾಹ್ನಕ್ಕ ಜಾರತಾವ. ಆ ಪಾರ್ಟಿಗೆ ಫೋನ್ ನೀವ ಮಾಡ್ತೀರೋ, ನಾ ಮಾಡ್ಲ್ಯೋ?"

ಅರ್ಧಕ್ಕರ್ಧ ಅರ್ಜೆಂಟ್ ಅಲ್ಲೇ ನಾಳೆಗೆ ಹೋಗುತ್ತದೆ. ಉಳಿದದ್ದು ನಿಜವಾದ ಅರ್ಜೆಂಟ್, ಅದನ್ನು ಮಾಡಿಕೊಡಿ. ಸಾಫ್ಟ್‌ವೇರಿನ ದೊಡ್ಡ ಲಾಭ ನನ್ನ ಪ್ರಕಾರ ಇದೇ. ಟ್ರಿಮ್ ಉಳಿತಾಯ ಆಮೇಲಿನದು. ಒಂದು ಆರ್ಡರ್ ನಡುವೆ ತೂರಿಸಿದರೆ ಯಾವ ಯಾವುದು ಎಷ್ಟೆಷ್ಟು ಜಾರುತ್ತದೆ ಅಂತ ಕೂಡಲೇ ತೋರಿಸುತ್ತದೆ. ಜಗಳ ಅಂಕಿಯ ಮೇಲೆ ನಡೆದರೆ ಬೇಗ ಮುಗಿಯುತ್ತದೆ.

10. ಎಕ್ಸೆಲ್‌ನಿಂದ ಶುರು ಮಾಡಿ, ಅಲ್ಲೇ ನಿಲ್ಲಬೇಡಿ

"ನನಗೆ ಕೋಡಿಂಗ್ ಬರಲ್ಲ" ಅನ್ನೋದು ರೂಢಿಯಾಗಿಬಿಟ್ಟ ಮಾತು. ಅದರಿಂದ ಬಿಡಿಸಿಕೊಳ್ಳಿ. ಈ ವಾರ ಎಕ್ಸೆಲ್‌ನ ಸಾಲ್ವರ್ ತೆರೆದು 4ನೇ ಸೂತ್ರದ ಲೆಕ್ಕ ಹಾಕಿ. ಅದರ ಜೊತೆಗೆ ಬರುವ ಸಾಲ್ವರ್ 200 ವೇರಿಯಬಲ್‌ವರೆಗೆ ಮಾತ್ರ ಹೋಗುತ್ತದೆ, ಆರ್ಡರ್ ಹೆಚ್ಚಾದರೆ ಕೈ ಎತ್ತುತ್ತದೆ. ಆಗ ಪೈಥಾನ್ ಹಿಡೀರಿ. ಗೂಗಲ್‌ನ ಓಆರ್-ಟೂಲ್ಸ್ ಪುಕ್ಕಟೆ ಸಿಗುತ್ತದೆ, ಕಟಿಂಗ್ ಮತ್ತು ಶೆಡ್ಯೂಲಿಂಗ್ ಎರಡೂ ಲೆಕ್ಕ ಬಿಡಿಸುತ್ತದೆ. ಕೆಎಲ್‌ಇ ಟೆಕ್, ಎಸ್‌ಡಿಎಂ, ಐಐಟಿ, ಐಐಐಟಿ ಎಲ್ಲ ಈ ಅವಳಿ ನಗರದಲ್ಲೇ ಇರುವಾಗ ಫೈನಲ್ ಇಯರ್ ಪ್ರಾಜೆಕ್ಟಿಗೆ ಯಾರದೋ ಹಳೇ ಪ್ರಾಜೆಕ್ಟ್ ಕಾಪಿ ಹೊಡೆಯೋದೇಕೆ? ಹತ್ತಿರದ ಬಾಕ್ಸ್ ಪ್ಲಾಂಟಿಗೆ ಹೋಗಿ ಒಂದು ತಿಂಗಳ ಆರ್ಡರ್ ಡೇಟಾ ಕೇಳಿ. ಪಾರ್ಟಿ ಹೆಸರು, ರೇಟು ತೆಗೆದು ಕೊಡಿ ಅನ್ನಿ. ಕೊಡುತ್ತಾರೆ.

ಆರ್ಡರ್, ಸ್ಟಾಕ್, ಬಿಲ್‌ಗೆ ಮುಂಬೈನ ಫ್ರಾಪೆಯ ಇಆರ್‌ಪಿನೆಕ್ಸ್ಟ್‌ನಂಥ ಓಪನ್ ಸೋರ್ಸ್ ಇದೆ. ಬಾಕ್ಸ್ ಉದ್ಯಮಕ್ಕೆಂದೇ ಮಾಡಿದ ನ್ಯೂಜಿಲೆಂಡ್ ಮೂಲದ ಕಿವಿಪ್ಲಾನ್, ಅಮೆರಿಕದ ಆಮ್‌ಟೆಕ್‌ನಂಥವು ದೊಡ್ಡ ಆಟೊಮ್ಯಾಟಿಕ್ ಪ್ಲಾಂಟ್‌ಗಳ ಕೊರುಗೇಟರ್‌ವರೆಗೂ ಕೈ ಚಾಚುತ್ತವೆ. ಒಂದು ಸಿಂಗಲ್ ಫೇಸರ್ ಇಟ್ಟುಕೊಂಡ ಶೆಡ್ಡಿಗೆ ಅವು ಬೇಡ. ಇದನ್ನು ಮಾಲಕರಿಗೆ ನೇರವಾಗಿ ಹೇಳುವ ಧೈರ್ಯ ಇರಲಿ.

ಡೆಮೊಗೆ ವೆಂಡರ್ ಬಂದಾಗ ಅವರ ಸ್ಯಾಂಪಲ್ ಡೇಟಾ ಒಪ್ಪಬೇಡಿ. ನಿಮ್ಮ ಕಳೆದ ತಿಂಗಳ ಅತಿ ಕೆಟ್ಟ ದಿನದ ಆರ್ಡರ್ ಪಟ್ಟಿ ಕೊಡಿ. ಮಧ್ಯದಲ್ಲಿ ಒಂದು ಮಷಿನ್ ನಿಲ್ಲಿಸಿ, "ಈಗ ಏನು?" ಅಂತ ಕೇಳಿ. ಅರ್ಧ ರೀಲ್‌ಗಳನ್ನು ಬಳಸುತ್ತದೆಯೇ ನೋಡಿ. ನೆಟ್ ಹೋದರೆ ಆಪರೇಟರ್ ಕೈಯಲ್ಲಿ ಏನು ಉಳಿಯುತ್ತದೆ ಕೇಳಿ. ಆಪರೇಟರ್ ಸ್ಕ್ರೀನ್ ಕನ್ನಡದಲ್ಲಿ ಬರುತ್ತದೆಯೇ ಅಂತಲೂ ಕೇಳಿ, ಯಾಕಂದರೆ ಎಂಟ್ರಿ ಮಾಡೋರು ಕಾಕಾ.

11. ಪ್ರತಿ ದಿನ ಪ್ಲಾನ್ ಮತ್ತು ಆಕ್ಚುಯಲ್ ಪಕ್ಕಪಕ್ಕ ಇಡಿ

ಬೆಳಿಗ್ಗೆ 15 ನಿಮಿಷ, ನಿಂತುಕೊಂಡೇ ಮೀಟಿಂಗ್. ನಿನ್ನೆ ಜಾರಿದ ಪ್ರತಿ ಜಾಬ್‌ಗೆ ಒಂದೇ ಕಾರಣ: ಪೇಪರ್ ಇಲ್ಲ, ಸ್ಟೀರಿಯೊ ಇಲ್ಲ, ಮಷಿನ್ ಬ್ರೇಕ್‌ಡೌನ್, ಆಳು ಇಲ್ಲ, ಕರೆಂಟ್ ಇಲ್ಲ. "ಇತರೆ" ಅನ್ನೋ ಕಾಲಂ ಇಡಬೇಡಿ. ಇಟ್ಟರೆ ಎಲ್ಲವೂ ಅಲ್ಲೇ ಹೋಗಿ ಬೀಳುತ್ತವೆ. ತಿಂಗಳಾದ ಮೇಲೆ ಯಾವ ಕಾರಣ ಅತಿ ಹೆಚ್ಚು ಸಲ ಬಂದಿದೆಯೋ ಅದರ ಹಿಂದೆ ಬೀಳಿ.

ಓಇಇ, ಅಂದರೆ ಮಷಿನ್ ನಿಜಕ್ಕೂ ಎಷ್ಟು ದುಡಿಯಿತು ಎಂಬುದನ್ನೂ ಇಲ್ಲೇ ಲೆಕ್ಕ ಹಾಕಿ. ಮಷಿನ್ ಸಿಕ್ಕ ಹೊತ್ತು ಶೇ 80, ವೇಗ ಶೇ 75, ಒಳ್ಳೆ ಮಾಲು ಶೇ 95 ಅಂದರೆ ಮೂರನ್ನೂ ಗುಣಿಸಿ: ಶೇ 57. ಗಾಬರಿ ಆಗಬೇಡಿ, ಮುಚ್ಚಿಡಲೂ ಬೇಡಿ. 57 ಅಂತ ಗೊತ್ತಿರುವ ಪ್ಲಾಂಟಿಗೆ ಸಾಫ್ಟ್‌ವೇರ್ ಸರಿಯಾದ ಡೆಲಿವರಿ ದಿನ ಹೇಳುತ್ತದೆ. 90 ಅಂತ ಬರೆದುಕೊಂಡ ಪ್ಲಾಂಟಿಗೆ ಮರುದಿನ ಬೆಳಿಗ್ಗೆ ಕ್ಷಮಾಪಣೆ ಫೋನು.

12. ಲೆಕ್ಕವನ್ನು ರೂಪಾಯಿಗೆ ತಿರುಗಿಸಿ, ಮೇಲೆ ಹೋಗಿ

ಶೇಕಡಾವಾರು ಯಾರಿಗೂ ತಾಗೋದಿಲ್ಲ, ರೂಪಾಯಿ ತಾಗುತ್ತದೆ. ಟ್ರಿಮ್‌ನಲ್ಲಿ ಉಳಿಸಿದ ಕೆ.ಜಿ., ಸಾಲು ಬದಲಿಸಿ ಉಳಿಸಿದ ಗಂಟೆ, ತಪ್ಪಿಸಿದ ಅರ್ಜೆಂಟ್, ಇವುಗಳ ತಿಂಗಳ ಲೆಕ್ಕ ಒಂದೇ ಹಾಳೆಯಲ್ಲಿ ಬರೆದು ಮಾಲಕರ ಮೇಜಿನ ಮೇಲಿಡಿ. ಕರೆಯುವವರೆಗೆ ಕಾಯಬೇಡಿ. ಆರ್ಡರ್, ಪೇಪರ್, ಮಷಿನ್, ಆಳು, ಲಾರಿ, ಐದನ್ನೂ ಒಟ್ಟಿಗೆ ನೋಡುವ ಕುರ್ಚಿ ಪ್ಲಾಂಟಿನಲ್ಲಿ ಎರಡೇ: ಮಾಲಕರದು ಮತ್ತು ಪ್ಲಾನರ್‌ದು. ಪ್ಲಾಂಟ್ ಮ್ಯಾನೇಜರ್ ಹುದ್ದೆ ಖಾಲಿ ಆದಾಗ ಕಣ್ಣು ಎಲ್ಲಿಗೆ ಹೋಗಬೇಕು ಅಂತ ಆ ಹಾಳೆಗಳು ಹೇಳುತ್ತವೆ.

ಇನ್ನೂ ಕೆಲಸ ಹುಡುಕುತ್ತಿದ್ದರೆ ಮಾರ್ಕ್ಸ್ ಕಾರ್ಡಿನ ಮೇಲೆ ನಿಮ್ಮ ಟ್ರಿಮ್ ಶೀಟ್ ಇಟ್ಟುಕೊಂಡು ಇಂಟರ್‌ವ್ಯೂಗೆ ಹೋಗಿ. ಅವರು "ನಿಮ್ಮ ಬಗ್ಗೆ ಹೇಳಿ" ಅನ್ನುವ ಮೊದಲೇ "ಸರ, ನಿಮ್ಮಲ್ಲಿ ಎಷ್ಟು ಡೆಕ್ಕಲ್ ಓಡ್ತಾವ್ರಿ? ಸರಾಸರಿ ಟ್ರಿಮ್ ಎಷ್ಟ್ರಿ?" ಅಂತ ಕೇಳಿ. ಉತ್ತರ ಬಂದರೆ ಲ್ಯಾಪ್‌ಟಾಪ್ ತೆಗೆದು ಅಲ್ಲೇ ಲೆಕ್ಕ ಶುರು ಮಾಡಿ. ಉತ್ತರ ಬರದಿದ್ದರೆ ಆ ಪ್ಲಾಂಟಿನಲ್ಲಿ ಪ್ಲಾನರ್ ಇಲ್ಲ ಅಂತ ಅರ್ಥ. ಸಂಬಳ ಸ್ವಲ್ಪ ಜಾಸ್ತಿ ಕೇಳಿ.